‘ಇವ ನಮ್ಮ ಭೀಮ ಅಲ್ಲ’ ಅಂದ ಮಗ

ಪ್ರಶ್ನೆ: ಅಕ್ಕ, ನಮ್ಮದು ಮಸ್ಕಿ. ಮನೆಯವರು ಸಿಂಧನೂರಿನಲ್ಲಿ ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದಾರೆ. ಮುಂಜಾನೆ ಹೋದರೆ ರಾತ್ರಿಯೇ ಬರುವುದು. ಮಗನಿಗೆ ಎಂಟು ವರ್ಷ, ಮಗಳಿಗೆ ಐದು. ಮಗನಿಗೆ ‘ಛೋಟಾ ಭೀಮ್’ ಕಾರ್ಟೂನ್ ಅಂದರೆ ಪ್ರಾಣ. ಸಾಲಿಯಿಂದ ಬಂದು ಕೈಕಾಲು ತೊಳೆದುಕೊಂಡು ಕೂತನೆಂದರೆ ಭೀಮ, ಚುಟ್ಕಿ, ರಾಜು, ಜಗ್ಗು ಇಷ್ಟೇ ಅವನ ಲೋಕ. ನಾನು ಲಾಡು ಕಟ್ಟಿದರೆ ಒಂದು ತಿಂದು ತೋಳು ಮಡಚಿ ತೋರಿಸುತ್ತಿದ್ದ.

ಈ ಸಲ ಬ್ಯಾಸಗಿ ರಜೆಗೆ ತವರುಮನೆ ಲಿಂಗಸುಗೂರಿಗೆ ಹೋಗಿದ್ದೆವು. ನಮ್ಮ ಅಣ್ಣನ ಮಗ, ಒಂಬತ್ತನೇ ಕ್ಲಾಸಿನವ, ದೊಡ್ಡ ಟಿವಿಯಲ್ಲಿ ಭೀಮನ ಸಿನಿಮಾಗಳನ್ನು ಹಾಕಿಕೊಟ್ಟ. ಮೊದಲು ಕುಂಗ್ ಫೂ ಸಿನಿಮಾ. ಅದನ್ನು ನೋಡುವಾಗಲೇ ಮಗ ‘ಭೀಮನ ಮಾರಿ ಯಾಕೋ ಬ್ಯಾರೆ ಆಗ್ಯದ’ ಅಂತ ಗೊಣಗಿದ. ಮರುದಿನ ನಿಜವಾದ ಹುಡುಗನೇ ಭೀಮನಾಗಿರುವ ಸಿನಿಮಾ. ಅರ್ಧಕ್ಕೆ ಎದ್ದು ಬಂದು ನನ್ನ ಸೆರಗು ಹಿಡಿದು ಅತ್ತುಬಿಟ್ಟ: ‘ಯವ್ವಾ, ಇವ ನಮ್ಮ ಭೀಮ ಅಲ್ಲ.’ ಅಣ್ಣನ ಮಗ ನಕ್ಕ. ಮನೆಯವರು ಫೋನಿನಲ್ಲಿ ‘ಚಲೋ ಆತು ಬಿಡು, ಕಾರ್ಟೂನ್ ಚಟ ಬಿಟ್ಟಂಗಾತು’ ಅಂದರು.

ಅಂದಿನಿಂದ ಅವನು ಕಾರ್ಟೂನನ್ನೂ ಮೊದಲಿನಂತೆ ನೋಡುವುದಿಲ್ಲ. ಓಣಿಯವರು ಮಕ್ಕಳನ್ನು ಕರಕೊಂಡು ಸಿಂಧನೂರಿಗೆ ‘ಮಹಾವತಾರ್ ನರಸಿಂಹ’ ನೋಡಲು ಹೊರಟಾಗ ‘ನಾ ಒಲ್ಲೆ, ಅದೂ ಸುಳ್ಳೇ ಇರತದ’ ಅಂತ ಕೂತುಬಿಟ್ಟ. ಸಿನಿಮಾ ತೋರಿಸಿ ನಾನೇ ಅವನ ಖುಷಿ ಕೆಡಿಸಿದೆನೇ? ಕಾರ್ಟೂನಿನಿಂದ ಸಿನಿಮಾ ಮಾಡಿದರೆ ಯಾವತ್ತೂ ಹೀಗೇ ಆಗುತ್ತದೆಯೇ? ಇನ್ನು ಮುಂದೆ ಅವನನ್ನು ಚಿತ್ರಮಂದಿರಕ್ಕೆ ಕರೆದುಕೊಂಡು ಹೋಗಲೋ, ಬೇಡವೋ?
– ಹೆಸರು ಬೇಡ, ಮಸ್ಕಿ

ಉತ್ತರ: ತಂಗಿ, ಮೊದಲು ನಿಮ್ಮ ಮನಸ್ಸು ಹಗುರ ಮಾಡಿಕೊಳ್ಳಿ. ಸಿನಿಮಾ ತೋರಿಸಿದ್ದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಮಗನದು ಹಟವೂ ಅಲ್ಲ. ದಿನಾಲೂ ಮನೆಗೆ ಬರುತ್ತಿದ್ದ ಗೆಳೆಯನ ಮುಖ ಬದಲಾಗಿದ್ದನ್ನು ಅವನು ಗುರುತಿಸಿದ, ಗುರುತಿಸಿದ್ದಕ್ಕೆ ನೊಂದ. ಆ ನೋವಿಗೆ ಮನೆಯಲ್ಲಿ ಒಬ್ಬರು ನಕ್ಕರು, ಇನ್ನೊಬ್ಬರು ಒಳ್ಳೆಯದಾಯಿತು ಅಂದರು. ಅವನು ಕಾರ್ಟೂನಿನಿಂದಲೂ ದೂರ ಸರಿದದ್ದಕ್ಕೆ ಸಿನಿಮಾಕ್ಕಿಂತ ಈ ನಗು ಹೆಚ್ಚಿನ ಕಾರಣ ಎಂದು ನನಗನ್ನಿಸುತ್ತದೆ. ಇಷ್ಟಪಟ್ಟದ್ದನ್ನು ಇಷ್ಟ ಎಂದು ತೋರಿಸಿಕೊಂಡರೆ ನಗುತ್ತಾರೆ ಎಂದು ಮಗುವಿಗೆ ಒಮ್ಮೆ ಅನ್ನಿಸಿದರೆ, ಅದು ಇಷ್ಟವನ್ನೇ ಮುಚ್ಚಿಟ್ಟುಕೊಳ್ಳುತ್ತದೆ.

ನಿಮ್ಮ ಎರಡನೇ ಪ್ರಶ್ನೆಯೇ ಮುಖ್ಯವಾದದ್ದು. ಅದನ್ನು ಬಿಡಿಸಿಕೊಂಡರೆ ಉಳಿದೆರಡಕ್ಕೂ ಉತ್ತರ ಸಿಗುತ್ತದೆ. ಮಕ್ಕಳು ಪ್ರೀತಿಸುವ ಟಿವಿ ಕಾರ್ಟೂನಿನ ಮಟ್ಟಕ್ಕೆ ಅದರ ಸಿನಿಮಾ ಏರುತ್ತದೆಯೇ? ಕೆಲವು ಏರುತ್ತವೆ, ಬಹಳಷ್ಟು ಏರುವುದಿಲ್ಲ. ಏರುವುದೂ ಬೀಳುವುದೂ ಖರ್ಚಿನಿಂದ, ತಂತ್ರದಿಂದ ನಿರ್ಧಾರವಾಗುವುದಿಲ್ಲ. ಪಾತ್ರದ ಸ್ವಭಾವವನ್ನು ಉಳಿಸಿಕೊಂಡು ಕತೆಯನ್ನು ದೊಡ್ಡದು ಮಾಡಿದವರು ಗೆದ್ದಿದ್ದಾರೆ. ಕತೆ ದೊಡ್ಡದು ಮಾಡುವ ಭರದಲ್ಲಿ ಸ್ವಭಾವವನ್ನೇ ಬದಲಿಸಿದವರು ಸೋತಿದ್ದಾರೆ.

ನಿಮ್ಮ ಮಗ ಏನನ್ನು ಪ್ರೀತಿಸಿದ್ದ ಎಂದು ನೋಡೋಣ. ‘ಛೋಟಾ ಭೀಮ್’ ಶುರುವಾದದ್ದು 2008ರಲ್ಲಿ, ಪೋಗೊ ವಾಹಿನಿಯಲ್ಲಿ. ಮಾಡಿದ್ದು ನಮ್ಮ ಪಕ್ಕದ ಹೈದರಾಬಾದಿನ ಗ್ರೀನ್ ಗೋಲ್ಡ್ ಸಂಸ್ಥೆ, ಹುಟ್ಟಿಸಿದವರು ರಾಜೀವ್ ಚಿಲಕಾ. ಢೋಲಕ್‌ಪುರದಲ್ಲಿ ಎಲ್ಲವೂ ಗೊತ್ತಿರುವುದೇ. ಕಾಲಿಯಾ ಜಂಬ ಕೊಚ್ಚಿಕೊಳ್ಳುತ್ತಾನೆ, ಢೋಲು ಭೋಲು ತಲೆ ಆಡಿಸುತ್ತಾರೆ, ಇಂದ್ರವರ್ಮ ರಾಜನಿಗೆ ಸಂಕಟ ಬರುತ್ತದೆ, ಭೀಮ ಲಾಡು ತಿನ್ನುತ್ತಾನೆ, ಊರು ಉಳಿಯುತ್ತದೆ. ದೊಡ್ಡವರಿಗೆ ಇದು ಬೇಸರ. ಎಂಟು ವರ್ಷದವನಿಗೆ ಇದು ಭರವಸೆ. ಶಾಲೆಯಲ್ಲಿ ಏನೇ ಆಗಿರಲಿ, ಸಂಜೆ ಕೂತರೆ ಒಂದು ಊರಿನಲ್ಲಿ ನ್ಯಾಯ ಸಿಕ್ಕೇ ಸಿಗುತ್ತದೆ.

ಮಕ್ಕಳಿಗೆ ಮತ್ತೆ ಮತ್ತೆ ಅದೇ ಬೇಕೆನ್ನುವುದನ್ನು ಕಾರ್ಟೂನ್ ಮಾಡುವವರು ಚೆನ್ನಾಗಿ ಬಲ್ಲರು. 1996ರಲ್ಲಿ ಅಮೆರಿಕದ ನಿಕಲೋಡಿಯನ್ ವಾಹಿನಿಯಲ್ಲಿ ‘ಬ್ಲೂಸ್ ಕ್ಲೂಸ್’ ಎಂಬ ಚಿಕ್ಕಮಕ್ಕಳ ಕಾರ್ಯಕ್ರಮ ಆರಂಭವಾದಾಗ ಒಂದೇ ಕಂತನ್ನು ವಾರದ ಐದೂ ದಿನ ಪ್ರಸಾರ ಮಾಡುತ್ತಿದ್ದರು. ಮಕ್ಕಳು ಬೇಸರಪಡಲಿಲ್ಲ. ದಿನದಿಂದ ದಿನಕ್ಕೆ ಹೆಚ್ಚು ಅರ್ಥ ಮಾಡಿಕೊಂಡರು, ಹೆಚ್ಚು ಜೋರಾಗಿ ಉತ್ತರ ಕೂಗಿದರು. ಮುಂದೆ ಏನಾಗುತ್ತದೆ ಎಂದು ಗೊತ್ತಿರುವುದೇ ಆ ವಯಸ್ಸಿನ ಸುಖ. ಅಜ್ಜಿಯ ಕತೆಯಲ್ಲಿ ಒಂದು ಮಾತು ತಪ್ಪಿದರೂ ‘ಹಂಗಲ್ಲ, ಹಿಂಗ’ ಎಂದು ತಿದ್ದುವವರು ಇದೇ ಮಕ್ಕಳಲ್ಲವೇ?

ಸಿನಿಮಾದವರಿಗೆ ಈ ಅನುಕೂಲ ಇಲ್ಲ. ಟಿವಿಯ ಒಂದು ಕತೆ ಹತ್ತು ಹನ್ನೆರಡು ನಿಮಿಷದಲ್ಲಿ ಮುಗಿಯುತ್ತದೆ, ನಾಳೆ ಇನ್ನೊಂದು ಬರುತ್ತದೆ. ಸಿನಿಮಾ ಒಂದೂವರೆ ಗಂಟೆ ಕೂರಿಸಬೇಕು, ಟಿಕೆಟ್ ಕೊಂಡವರಿಗೆ ಮನೆಯಲ್ಲಿ ಸಿಗದ್ದನ್ನು ಕೊಡಬೇಕು. ಹಾಗಾಗಿ ಊರು ಬಿಡಿಸುತ್ತಾರೆ, ದೊಡ್ಡ ರಾಕ್ಷಸನನ್ನು ತರುತ್ತಾರೆ, ಹಾಡು ಸೇರಿಸುತ್ತಾರೆ. 2012ರ ಮೇ ತಿಂಗಳಲ್ಲಿ ಬಂದ ಭೀಮನ ಮೊದಲ ಚಿತ್ರಮಂದಿರದ ಸಿನಿಮಾ ‘ಕರ್ಸ್ ಆಫ್ ದಮ್ಯಾನ್’ ಮಾಡಿದ್ದೂ ಇದನ್ನೇ. ಗೆಳೆಯರು ಚಿನ್ನದ ನಗರಿ ಸೋನಾಪುರಕ್ಕೆ ಹೋಗುತ್ತಾರೆ, ಶಾಪದಲ್ಲಿ ಸಿಕ್ಕಿಬಿದ್ದಿದ್ದ ದಮ್ಯಾನ್ ಬಿಡುಗಡೆಯಾಗುತ್ತಾನೆ, ಅವನನ್ನು ತಡೆಯಲು ಕಾಲದಲ್ಲಿ ಹಿಂದಕ್ಕೆ ಹೋಗಬೇಕಾಗುತ್ತದೆ. ಊರು ಬೇರೆ, ಕಾಲ ಬೇರೆ. ಆದರೆ ಭೀಮನ ಗೆರೆ ಅದೇ, ಬಣ್ಣ ಅದೇ. ಟಿವಿಯ ಭೀಮನೇ ದೂರದೂರಿಗೆ ಹೋಗಿ ಬಂದಂತೆ ಮಕ್ಕಳು ಅದನ್ನು ನೋಡಬಹುದಿತ್ತು.

2019ರ ‘ಕುಂಗ್ ಫೂ ಧಮಾಕಾ’ದಲ್ಲಿ ಆ ಗೆರೆ ಹೋಗಿ ಕಂಪ್ಯೂಟರಿನಲ್ಲಿ ಮಾಡಿದ ಉಬ್ಬಿದ ದೇಹ ಬಂತು. ಅದಕ್ಕೂ ಕಾರಣವಿದೆ. ಟಿವಿ ಕಾರ್ಟೂನಿನಲ್ಲಿ ಖರ್ಚು ಉಳಿಸಲು ಹಿನ್ನೆಲೆಯನ್ನು ಮತ್ತೆ ಮತ್ತೆ ಬಳಸುತ್ತಾರೆ, ಮಾತಾಡುವಾಗ ಬಾಯಿಯಷ್ಟೇ ಅಲುಗುತ್ತದೆ. ಮನೆಯ ಚಿಕ್ಕ ಪರದೆಯಲ್ಲಿ ಅದು ಸಾಕು, ಚಿತ್ರಮಂದಿರದ ಗೋಡೆಯಗಲದ ಪರದೆಯಲ್ಲಿ ಬಡವಾಗಿ ಕಾಣುತ್ತದೆ. ಆ ಬಡತನ ಮುಚ್ಚಲು ಹೊಸ ತಂತ್ರ ತಂದಾಗ ಮಕ್ಕಳಿಗೆ ಗುರುತಿದ್ದ ಮುಖ ಬದಲಾಗುತ್ತದೆ. 2024ರಲ್ಲಿ ಚಿಲಕಾ ಅವರೇ ದಮ್ಯಾನ್ ಕತೆಯನ್ನು ನಿಜವಾದ ನಟರನ್ನಿಟ್ಟು ಮತ್ತೆ ಮಾಡಿದರು. ಯಜ್ಞ ಭಸೀನ್ ಭೀಮನಾದ, ಅನುಪಮ್ ಖೇರ್ ಗುರು ಶಂಭುವಾದರು. ಆ ಹುಡುಗನ ಶ್ರಮವನ್ನು ನಾನು ಕಡಿಮೆ ಮಾಡಿ ಹೇಳಲಾರೆ. ಆದರೆ ಗೆರೆಯಲ್ಲಿ ಬರೆದ ಭೀಮನಿಗೆ ವಯಸ್ಸಾಗುವುದಿಲ್ಲ, ಅವನು ಯಾರ ಮಗನೂ ಆಗಬಹುದು. ಮಸ್ಕಿಯ ಹುಡುಗ ಆ ಮುಖದಲ್ಲಿ ತನ್ನ ಮುಖ ಇಟ್ಟುಕೊಂಡಿದ್ದ. ನಿಜವಾದ ಹುಡುಗ ಬಂದು ನಿಂತಾಗ ಆ ಜಾಗ ಇನ್ನೊಬ್ಬನ ಪಾಲಾಯಿತು. ನಿಮ್ಮ ಮಗ ಅತ್ತದ್ದು ಅದಕ್ಕೇ ಇರಬೇಕು.

ಸ್ವಭಾವ ಕೆಟ್ಟರೆ ಏನಾಗುತ್ತದೆ ಎಂಬುದಕ್ಕೆ ‘ಟಾಮ್ ಅಂಡ್ ಜೆರ್ರಿ’ ಒಳ್ಳೆಯ ಪಾಠ. ನಾವೆಲ್ಲ ಅದನ್ನು ಟಿವಿ ಕಾರ್ಟೂನ್ ಎಂದೇ ತಿಳಿದಿದ್ದೇವೆ. ಅದು ಹುಟ್ಟಿದ್ದು 1940ರಲ್ಲಿ, ಚಿತ್ರಮಂದಿರಕ್ಕಾಗಿ! ದೊಡ್ಡ ಸಿನಿಮಾಕ್ಕೆ ಮುಂಚೆ ತೋರಿಸುವ ಏಳೆಂಟು ನಿಮಿಷದ ಕಿರುಚಿತ್ರಗಳಾಗಿ ಹನ್ನಾ ಮತ್ತು ಬಾರ್ಬೆರಾ ಎಂಬ ಇಬ್ಬರು ಅದನ್ನು ಮಾಡಿದರು. ಏಳು ಆಸ್ಕರ್ ಬಂದವು. ಟಿವಿಗೆ ಅದು ಆಮೇಲೆ ಬಂದದ್ದು. ಮಾತು ಇಲ್ಲವೆನ್ನುವಷ್ಟು ಕಡಿಮೆ ಇದ್ದುದರಿಂದ ಹಿಂದಿ ಬಾರದ, ಇಂಗ್ಲಿಷ್ ಬಾರದ ನಮ್ಮ ಮಕ್ಕಳಿಗೂ ಅದು ತಮ್ಮದೇ ಆಯಿತು. 1992ರಲ್ಲಿ ಅದನ್ನೇ ಪೂರ್ಣ ಪ್ರಮಾಣದ ಸಿನಿಮಾ ಮಾಡಿದಾಗ ಬೆಕ್ಕು ಇಲಿ ಎರಡೂ ಮಾತಾಡಿದವು, ಹಾಡಿದವು, ಗೆಳೆಯರಾಗಿ ಒಬ್ಬ ಹುಡುಗಿಯ ಸಹಾಯಕ್ಕೆ ಹೊರಟವು. ಮಾತಿಲ್ಲದ ಜಗಳವೇ ಅವುಗಳ ಜೀವವಾಗಿತ್ತು. ಅದನ್ನು ತೆಗೆದ ಮೇಲೆ ಉಳಿದದ್ದು ಬರೀ ವೇಷ.

ಇದಕ್ಕೆ ಎದುರಾಗಿ ಇಂಗ್ಲೆಂಡಿನ ಆರ್ಡ್‌ಮನ್ ಸ್ಟುಡಿಯೊದ ‘ಶಾನ್ ದ ಶೀಪ್’ ನೋಡಿ. ಟಿವಿಯಲ್ಲಿ 2007ರಿಂದ ಬರುತ್ತಿದ್ದ ಏಳು ನಿಮಿಷದ ಕತೆಗಳು ಅವು. ದೊಡ್ಡಿಯ ಒಂದು ತುಂಟ ಕುರಿ, ಏನೂ ಅರಿಯದ ಯಜಮಾನ, ಒಂದು ನಾಯಿ, ಮಾತು ಒಂದೂ ಇಲ್ಲ. 2015ರಲ್ಲಿ ಸಿನಿಮಾ ಮಾಡಿದಾಗಲೂ ಅವರು ಕುರಿಗೆ ಮಾತು ಕಲಿಸಲಿಲ್ಲ. ಶಾನ್ ಎಂದಿನಂತೆ ತುಂಟತನ ಮಾಡುತ್ತಾನೆ. ಈ ಸಲ ಅದರ ಫಲವಾಗಿ ಯಜಮಾನ ಪಟ್ಟಣ ಸೇರಿ ನೆನಪು ಕಳೆದುಕೊಳ್ಳುತ್ತಾನೆ. ಕುರಿಗಳು ಅವನನ್ನು ಹುಡುಕಿ ಹೊರಡುತ್ತವೆ. ಏಳು ನಿಮಿಷದ ಕತೆಯಲ್ಲಿ ಕೇಳಲು ಸಮಯವಿಲ್ಲದ ಪ್ರಶ್ನೆಯನ್ನು ಸಿನಿಮಾ ಕೇಳಿತು: ದಿನಾ ಕಾಡಿಸುವ ಮನುಷ್ಯ ಒಂದು ದಿನ ಇಲ್ಲದಿದ್ದರೆ? ಪಾತ್ರ ಅದೇ, ಪ್ರಶ್ನೆ ದೊಡ್ಡದು. ಇಂಥ ಸಿನಿಮಾ ಕಾರ್ಟೂನಿನ ಪಕ್ಕದಲ್ಲಿ ತಲೆ ಎತ್ತಿ ನಿಲ್ಲುತ್ತದೆ.

ಜಪಾನಿನ ‘ಡೋರೆಮಾನ್’ ಕಾರ್ಟೂನ್ ಇನ್ನೊಂದು ದಾರಿ ತೋರಿಸಿದೆ. 1980ರಿಂದ ಹೆಚ್ಚುಕಡಿಮೆ ವರ್ಷಕ್ಕೊಂದು ಸಿನಿಮಾ ಬರುತ್ತಿದೆ. ಮೊದಲನೆಯದರಲ್ಲಿ ನೋಬಿತಾ ಎಂಬ ಹುಡುಗ ಮೊಟ್ಟೆಯೊಂದರಿಂದ ಡೈನೋಸಾರ್ ಮರಿಯನ್ನು ಸಾಕಿ, ಕೊನೆಗೆ ಅದನ್ನು ಅದರ ಕಾಲಕ್ಕೆ ಬಿಟ್ಟು ಬರಬೇಕಾಗುತ್ತದೆ. ಟಿವಿಯಲ್ಲಿ ನೋಬಿತಾನನ್ನು ಹೊಡೆದು ಕಾಡುವ ಜಿಯಾನ್ ಈ ಸಿನಿಮಾಗಳಲ್ಲಿ ಅವನಿಗಾಗಿ ಪ್ರಾಣ ಒತ್ತೆಯಿಡುವ ಗೆಳೆಯನಾಗುತ್ತಾನೆ. ಜಪಾನಿನ ಮಕ್ಕಳು ಇದನ್ನು ಒಪ್ಪಿಕೊಂಡಿದ್ದಾರೆ. ಏಕೆಂದರೆ ಜಿಯಾನ್ ಒಳಗೆ ಕೆಟ್ಟವನಲ್ಲ ಎಂದು ಅವರಿಗೆ ಮೊದಲೇ ಗೊತ್ತು. ಸಿನಿಮಾ ಮುಗಿದ ಮೇಲೆ ಟಿವಿಯಲ್ಲಿ ಅವನು ಮತ್ತೆ ಹಳೇ ಪುಂಡನೇ. ಸಿನಿಮಾ ಹಬ್ಬ, ಟಿವಿ ದಿನದ ಊಟ. ಎರಡರ ರುಚಿಯೂ ಬೇರೆ, ಎರಡೂ ಬೇಕು.

ಈ ತಿಳಿವಳಿಕೆ ನಮ್ಮ ಸೀಮೆಗೆ ಹೊರಗಿನಿಂದ ಬರಬೇಕಾಗಿಲ್ಲ. ನಿಮ್ಮ ಜಿಲ್ಲೆಗೆ ಅಂಟಿಕೊಂಡಿರುವ ಕೊಪ್ಪಳದ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ತೊಗಲುಗೊಂಬೆ ಆಡಿಸುತ್ತಲೇ ಬದುಕು ಸವೆಸಿದ ಹಿರಿಯ ಜೀವ ಅವರದು. ಬಣ್ಣ ಹಚ್ಚಿದ ತೊಗಲಿನ ಹಿಂದೆ ದೀಪವಿಟ್ಟು ಪರದೆಯ ಮೇಲೆ ಚಿತ್ರವನ್ನು ಕುಣಿಸುವ ಈ ಕಲೆ ಎಲ್ಲ ಕಾರ್ಟೂನಿಗಿಂತ ಹಳೆಯದು. ಅದರಲ್ಲಿ ಕಿಳ್ಳೇಕ್ಯಾತ, ಬಂಗಾರಕ್ಕ ಎಂಬ ಹಾಸ್ಯದ ಜೋಡಿ ಇದೆ. ಆಟ ರಾಮಾಯಣದ್ದಿರಲಿ, ಮಹಾಭಾರತದ್ದಿರಲಿ, ಇವರು ಬಂದೇ ಬರುತ್ತಾರೆ, ಅದೇ ರೂಪ, ಅದೇ ತಕರಾರು. ಇವರಿಬ್ಬರನ್ನೇ ಇಟ್ಟುಕೊಂಡು ಬೆಳತನಕ ಆಡಿಸಿದರೆ ಜನ ಎದ್ದು ಹೋಗುತ್ತಾರೆ. ಇವರಿಲ್ಲದೆ ಯುದ್ಧಕಾಂಡವನ್ನೇ ಆಡಿಸಿದರೆ ಮಕ್ಕಳು ಮಲಗುತ್ತಾರೆ. ರಾತ್ರಿಯನ್ನು ಹೊತ್ತು ನಡೆಯುವುದು ದೊಡ್ಡ ಕತೆ, ಮನಸ್ಸಿನಲ್ಲಿ ಉಳಿಯುವುದು ಚಿಕ್ಕ ಪಾತ್ರ. ಕಿಳ್ಳೇಕ್ಯಾತನನ್ನು ರಾಮನಂತೆ ಮಾತಾಡಿಸುವ ತಪ್ಪನ್ನು ನಮ್ಮ ಕಲಾವಿದರು ಮಾಡಲಿಲ್ಲ.

ಈಗ ನೀವು ಮಾಡಬೇಕಾದದ್ದು.

ಮೊದಲನೆಯದಾಗಿ, ಒಂದು ಬಿಡುವಿನ ಹೊತ್ತು ನೋಡಿ ಮಗನನ್ನು ಕೇಳಿ: ‘ಆ ಸಿನಿಮಾದ ಭೀಮನಲ್ಲಿ ಏನು ಬ್ಯಾರೆ ಇತ್ತಪ್ಪ?’ ಮಾರಿಯೋ, ದನಿಯೋ, ಹೊಡೆದಾಟವೋ, ಗೆಳೆಯರೋ? ಹೇಳಲು ಬಿಡಿ, ನಡುವೆ ಸಮಾಧಾನ ಮಾಡಲು ಹೋಗಬೇಡಿ. ಹೇಳಲು ಬಾರದಿದ್ದರೆ ಕಾಗದ, ಬಣ್ಣ ಕೊಟ್ಟು ‘ನಿನ್ನ ಭೀಮನ್ನ ತಗದು ತೋರಸು’ ಅನ್ನಿ. ಅಳುವಿನಲ್ಲಿದ್ದದ್ದು ಮಾತಿಗೋ ಗೆರೆಗೋ ಬಂದರೆ ಅವನ ಭಾರ ಇಳಿಯುತ್ತದೆ. ಒಂದು ಕತೆ ತನಗೆ ಏಕೆ ಹಿಡಿಸಲಿಲ್ಲ ಎಂದು ಕಾರಣ ಕೊಡಬಲ್ಲ ಹುಡುಗ ಮುಂದೆ ಒಳ್ಳೆಯ ಓದುಗನಾಗುತ್ತಾನೆ, ಇದನ್ನು ನಾನು ಪೂರ್ಣ ನಂಬಿಕೆಯಿಂದ ಹೇಳುತ್ತೇನೆ.

ಎರಡನೆಯದು, ನಿಮ್ಮ ಅಣ್ಣನ ನೆನಪನ್ನು ಬಳಸಿಕೊಳ್ಳಿ. 1993ರ ಸುಮಾರಿಗೆ ದೂರದರ್ಶನದಲ್ಲಿ ಭಾನುವಾರ ಮೌಗ್ಲಿಯ ‘ಜಂಗಲ್ ಬುಕ್’ ಬರುತ್ತಿದ್ದುದನ್ನು ಆ ಪೀಳಿಗೆಯವರು ಮರೆತಿಲ್ಲ. ಜಪಾನಿನಲ್ಲಿ ತಯಾರಾದ ಕಾರ್ಟೂನ್, ಗುಲ್ಜಾರರ ಹಿಂದಿ ಹಾಡು, ಶೇರ್ ಖಾನನಿಗೆ ನಾನಾ ಪಾಟೇಕರರ ಗಡಸು ದನಿ. 2016ರಲ್ಲಿ ಹಾಲಿವುಡ್ಡಿನವರು ಅದೇ ಕತೆಯ ಸಿನಿಮಾವನ್ನು ಇಲ್ಲಿ ಬಿಡುಗಡೆ ಮಾಡುವಾಗ ಹಿಂದಿಯ ಶೇರ್ ಖಾನನಿಗೆ ಮತ್ತೆ ನಾನಾ ಪಾಟೇಕರರನ್ನೇ ಕರೆದರು, ಪ್ರಚಾರಕ್ಕೆ ಹಳೆಯ ಹಾಡನ್ನೇ ಹೊಸದಾಗಿ ಮಾಡಿದರು. ಮಕ್ಕಳಾಗಿದ್ದಾಗ ಹಚ್ಚಿಕೊಂಡ ದನಿಯನ್ನು ದೊಡ್ಡವರೂ ಬಿಡಲಾರರು ಎಂದು ಅವರಿಗೆ ಗೊತ್ತಿತ್ತು. ನಕ್ಕ ಹುಡುಗನಿಗೆ ಅವನ ಅಪ್ಪನೇ ಇದನ್ನು ಹೇಳಲಿ. ಆಗ ಲಿಂಗಸುಗೂರಿನ ಮನೆಯಲ್ಲಿ ಆ ನಗು ತಾನಾಗಿ ನಿಲ್ಲುತ್ತದೆ, ನಿಮ್ಮ ಮಗನಿಗೆ ಮಾವನೊಬ್ಬ ಜೊತೆಯಾಗುತ್ತಾನೆ.

ಮೂರನೆಯದು, ಮನೆಯವರ ಮಾತು. ಟಿವಿಯ ಹೊತ್ತಿಗೆ ಮಿತಿ ಬೇಕು ಎಂಬ ಅವರ ಕಾಳಜಿ ಸರಿಯಾದದ್ದೇ. ಐದರಿಂದ ಹತ್ತು ವರ್ಷದ ಮಕ್ಕಳಿಗೆ ದಿನಕ್ಕೆ ಎರಡು ಗಂಟೆಗಿಂತ ಕಡಿಮೆ ಇರಲಿ ಎಂದು ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ ಹೇಳಿದೆ, ಅದರಲ್ಲಿ ಮೊಬೈಲೂ ಸೇರಿತು. ಆದರೆ ಮಗು ನೊಂದು ಬಿಟ್ಟದ್ದನ್ನು ಚಟ ಬಿಟ್ಟಿತು ಎಂದು ಎಣಿಸಬಾರದು. ವಾರಕ್ಕೊಮ್ಮೆಯಾದರೂ ಅಂಗಡಿಯಿಂದ ಬೇಗ ಬಂದು ಒಂದು ಕಂತನ್ನು ಮಗನ ಪಕ್ಕ ಕೂತು ನೋಡಲು ಅವರಿಗೆ ಹೇಳಿ. ‘ಈ ಕಾಲಿಯಾ ಯಾರು?’ ಎಂದು ಅಪ್ಪ ಕೇಳಿದರೆ ಸಾಕು, ಮಗ ಢೋಲಕ್‌ಪುರದ ಪೂರ್ತಿ ವಂಶಾವಳಿ ಹೇಳುತ್ತಾನೆ.

ನಾಲ್ಕನೆಯದು, ಚಿತ್ರಮಂದಿರ. ಕರೆದುಕೊಂಡು ಹೋಗಿ, ಒತ್ತಾಯದಿಂದ ಬೇಡ. ಮೊದಲ ಸಲ ಅವನಿಗೆ ಟಿವಿಯಲ್ಲಿ ಪರಿಚಯವಿಲ್ಲದ ಸಿನಿಮಾ ಆರಿಸಿ. ಹೋಲಿಸಲು ಹಳೆಯ ಮುಖವಿಲ್ಲದಿದ್ದರೆ ಮೋಸವಾಯಿತು ಎಂಬ ಭಾವನೆಯೂ ಬರುವುದಿಲ್ಲ. ಅವನು ಬೇಡವೆಂದ ‘ಮಹಾವತಾರ್ ನರಸಿಂಹ’ ಅಂಥದ್ದು. 2025ರ ಜುಲೈಯಲ್ಲಿ ಬಂದ ಆ ಚಿತ್ರದ ನಿರ್ದೇಶಕರು ಅಶ್ವಿನ್ ಕುಮಾರ್, ಅರ್ಪಿಸಿದವರು ನಮ್ಮ ಬೆಂಗಳೂರಿನ ಹೊಂಬಾಳೆ ಫಿಲ್ಮ್ಸ್, ಕನ್ನಡದಲ್ಲೂ ಬಂತು. ಅದು ಯಾವ ಟಿವಿ ಕಾರ್ಟೂನಿನ ನೆರಳಿನಲ್ಲೂ ನಿಂತಿಲ್ಲ. ಪ್ರಹ್ಲಾದನ ಕತೆಯನ್ನು ಮಾತ್ರ ನಂಬಿದೆ. ಭಾರತದ ಆನಿಮೇಷನ್ ಚಿತ್ರವೊಂದಕ್ಕೆ ದೊಡ್ಡವರೂ ಮಕ್ಕಳೂ ಒಟ್ಟಿಗೆ ಅಷ್ಟು ದೊಡ್ಡ ಸಂಖ್ಯೆಯಲ್ಲಿ ಬಂದದ್ದು ಹಿಂದೆ ಆಗಿರಲಿಲ್ಲ. ಆದರೆ ನರಸಿಂಹನ ಉಗ್ರರೂಪ, ರಕ್ತಪಾತ ಅದರಲ್ಲಿ ಜೋರಾಗಿದೆ. ಐದು ವರ್ಷದ ಮಗಳಿಗೆ ಅದು ಬೇಡ. ಮಗನಿಗೆ ತೋರಿಸುವುದಾದರೂ ಮೊದಲು ಮನೆಯಲ್ಲಿ 1983ರ ‘ಭಕ್ತ ಪ್ರಹ್ಲಾದ’ ತೋರಿಸಿ, ಹಿರಣ್ಯಕಶಿಪುವಾಗಿ ರಾಜಕುಮಾರ್, ಪುಟ್ಟ ಪ್ರಹ್ಲಾದನಾಗಿ ಪುನೀತ್. ಆಮೇಲೆ ಇದನ್ನು ನೋಡಿದರೆ ಒಂದೇ ಕತೆಗೆ ಎರಡು ಮುಖ ಇರಬಹುದು, ಎರಡೂ ನಿಜ ಇರಬಹುದು ಎಂದು ಅವನೇ ಕಂಡುಕೊಳ್ಳುತ್ತಾನೆ. ಭೀಮನ ವಿಷಯದಲ್ಲಿ ಅವನಿಗೆ ಬೇಕಾಗಿರುವ ಅರಿವೂ ಇದೇ.

ಯಾವ ಸಿನಿಮಾಕ್ಕೆ ಹೋದರೂ ಎರಡು ಸಂಗತಿ ನೋಡಿಕೊಳ್ಳಿ. 2024ರ ಹೊಸ ನಿಯಮದಂತೆ ಯು/ಎ ಪ್ರಮಾಣಪತ್ರದಲ್ಲಿ 7+, 13+, 16+ ಎಂದು ವಯಸ್ಸು ನಮೂದಿಸುತ್ತಾರೆ, ಟಿಕೆಟ್ ತೆಗೆಯುವ ಮುಂಚೆ ಅದನ್ನು ಓದಿ. ಇನ್ನೊಂದು, ಭಾಷೆ. ಸಿಂಧನೂರಿನ ಕಡೆ ಕನ್ನಡ, ತೆಲುಗು, ಹಿಂದಿ ಮೂರೂ ಓಡಾಡುತ್ತವೆ. ಮಗ ಟಿವಿಯಲ್ಲಿ ಒಂದು ಪಾತ್ರವನ್ನು ಯಾವ ಭಾಷೆಯಲ್ಲಿ ಕೇಳಿ ಬೆಳೆದಿದ್ದಾನೋ ಸಿನಿಮಾವನ್ನೂ ಅದೇ ಭಾಷೆಯಲ್ಲಿ ತೋರಿಸಿ. ಮುಖ ಬದಲಾದರೂ ದನಿ ಉಳಿದರೆ ಮಗು ಅರ್ಧ ಒಪ್ಪಿಕೊಳ್ಳುತ್ತದೆ. ನಡುವೆ ಎದ್ದು ಬರಬೇಕೆಂದರೆ ಎದ್ದು ಬನ್ನಿ, ಟಿಕೆಟ್ಟಿನ ದುಡ್ಡು ಹೋಯಿತೆಂದು ಕೂರಿಸಬೇಡಿ.

ಇಷ್ಟಾದ ಮೇಲೂ ವಾರಗಟ್ಟಲೆ ಮಂಕಾಗಿದ್ದರೆ, ಊಟ ನಿದ್ದೆ ಕೆಟ್ಟರೆ, ಓಣಿಯ ಹುಡುಗರ ಜೊತೆ ಆಡುವುದನ್ನೂ ಬಿಟ್ಟರೆ, ಆಗ ಕಾರಣ ಕಾರ್ಟೂನ್ ಆಗಿರಲಿಕ್ಕಿಲ್ಲ. ಶಾಲೆಯಲ್ಲಿ ಏನಾದರೂ ಆಗಿದೆಯೇ ವಿಚಾರಿಸಿ, ಮಕ್ಕಳ ವೈದ್ಯರಿಗೆ ತೋರಿಸಿ. ಸರಕಾರದ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ನಿಮ್ಮ ಪತ್ರ ಓದಿದರೆ ಅಲ್ಲಿಯವರೆಗೆ ಹೋಗುವ ಲಕ್ಷಣ ನನಗೆ ಕಾಣುತ್ತಿಲ್ಲ.

ಮಗನಿಗೆ ಒಂದು ಮಾತನ್ನು ನೇರವಾಗಿ ಹೇಳಿಬಿಡಿ: ಸಿನಿಮಾ ಮಾಡಿದವರಿಗೆ ಅವರ ಭೀಮ, ನಿನಗೆ ನಿನ್ನ ಭೀಮ, ಅವರದು ಬಂದರೆ ನಿನ್ನವ ಎಲ್ಲಿಗೂ ಹೋಗುವುದಿಲ್ಲ. ಎಂಟು ವರ್ಷದವನಿಗೆ ಇದು ಅರ್ಥವಾಗುತ್ತದೆ. ಪ್ರೀತಿಸಿದ್ದು ಬೇರೆಯವರ ಕೈಯಲ್ಲಿ ಬದಲಾಗುವುದನ್ನು ಅವನು ಬದುಕಿನಲ್ಲಿ ಇನ್ನೂ ಬಹಳ ಸಲ ನೋಡಬೇಕಾಗುತ್ತದೆ. ಬದಲಾದದ್ದನ್ನು ನ್ಯಾಯವಾಗಿ ತೂಗಿ ನೋಡುವುದನ್ನೂ, ತನ್ನದನ್ನು ನಾಚಿಕೆಯಿಲ್ಲದೆ ಉಳಿಸಿಕೊಳ್ಳುವುದನ್ನೂ ಈ ಕಾರ್ಟೂನಿನ ನೆಪದಲ್ಲೇ ಕಲಿತರೆ, ಅವನು ನೋಡಿದ ಆ ಸಿನಿಮಾ ವ್ಯರ್ಥವಾಗಲಿಲ್ಲ.